ಸೈಕಲ್ಲಿನ ಹೆಗಲು

ಸೈಕಲ್ಲಿನ ಸೀಟು ಒಮ್ಮೆಲೇ ಕುಸಿಯುತ್ತಿರಲಿಲ್ಲ. ಮಧ್ಯಾಹ್ನದ ನಿದ್ದೆ ಬರುತ್ತದಲ್ಲ, ಹಾಗೆ. ಬರುತ್ತಿರುವುದು ಗೊತ್ತೇ ಆಗುವುದಿಲ್ಲ; ಬಂದ ಮೇಲೆ ಗೊತ್ತಾಗುತ್ತದೆ. ಮನೆಯಿಂದ ಹೊರಟಾಗ ಓಣಿಯ ಗೋಡೆಗಳ ಆಚೆ ಒಣಹಾಕಿದ ಚಾದರುಗಳು, ಅವುಗಳ ಕೆಂಪು ಅಂಚು, ಒಂದು ಅಂಗಳದಲ್ಲಿ ಹಣ್ಣಾಗುತ್ತಿದ್ದ ಪಪ್ಪಾಯಿ, ಎಲ್ಲ ಕಾಣುತ್ತಿದ್ದವು. ಗಿರಣಿಯ ಉದ್ದನೆಯ ಕಲ್ಲುಗೋಡೆ ದಾಟಿ ಮುಂದಿನ ಓಣಿಗೆ ಬರುವಷ್ಟರಲ್ಲಿ, ಅಷ್ಟೇ ಎತ್ತರದ ಗೋಡೆಗಳ ಆಚೆ ಏನೂ ಕಾಣುತ್ತಿರಲಿಲ್ಲ. ಸೊಲ್ಲಾಪುರವೇ ನಾಲ್ಕು ಬೆರಳು ಮೇಲೆದ್ದಿದೆಯೇನೋ ಅನ್ನಿಸುತ್ತಿತ್ತು. ಮೊಣಕಾಲುಗಳು ಸೀರೆಯ ನೆರಿಗೆಯನ್ನು ಎತ್ತಿ ಎತ್ತಿ ಒಗೆಯತೊಡಗಿದಾಗ, ಊರು ಇದ್ದಲ್ಲೇ ಇದೆ, ಕೆಳಗಿಳಿದವಳು ನಾನು ಎಂದು ತಿಳಿಯುತ್ತಿತ್ತು.

ಐವತ್ತರ ದಶಕದ ನಡುವಿನ ಮಾತು. ನನಗೆ ಇಪ್ಪತ್ತು ತುಂಬಿತ್ತು. ಮದುವೆಯಾಗಿ ಎರಡನೆಯ ಚಳಿಗಾಲ. ಆ ಸೈಕಲ್ಲು ನನ್ನ ತವರಿನಿಂದ ಬಂದದ್ದು. ನನ್ನ ಅಪ್ಪ ವಾಗದರಿ ಹಳ್ಳಿಯ ಒಕ್ಕಲುತನದವ. ಅಕ್ಕಲಕೋಟೆಯಲ್ಲಿದ್ದ ಒಬ್ಬ ಲೇಡಿ ಡಾಕ್ಟರು ಊರು ಬಿಟ್ಟು ಹೋಗುವಾಗ ತಮ್ಮ ಸೈಕಲ್ಲನ್ನು ಅಪ್ಪನಿಗೆ ಕೊಟ್ಟಿದ್ದರು. ನಡುವೆ ಅಡ್ಡ ಸರಳಿಲ್ಲದ ಹೆಂಗಸರ ಸೈಕಲ್ಲು, ಹಿಂದಿನ ಗಾಲಿಗೆ ಸೀರೆ ಸಿಕ್ಕದ ಹಾಗೆ ನೂಲಿನ ಬಲೆ. ವಾಗದರಿಯ ಹೊರಗಿನ ಬಯಲಿನಲ್ಲಿ ಎರಡು ಬೇಸಿಗೆ ರಜೆ ನಾನು ಅದರ ಮೇಲೆ ಬಿದ್ದು ಎದ್ದು ಕಲಿತೆ. ಉಳಿದ ದಿನಗಳಲ್ಲಿ ನಾನು ಸೊಲ್ಲಾಪುರದ ಕಾನ್ವೆಂಟಿನಲ್ಲಿರುತ್ತಿದ್ದೆ. ಹತ್ತನೆಯ ವಯಸ್ಸಿನಿಂದ ಅಲ್ಲಿಯ ಬೋರ್ಡಿಂಗಿನ ಕಬ್ಬಿಣದ ಮಂಚದಲ್ಲಿ ಮಲಗಿ ಬೆಳೆದವಳು. ಮದುವೆಯಾಗಿ ಅದೇ ಊರಿಗೆ ಬಂದಾಗ ಅಪ್ಪ ಪಾತ್ರೆ ಪಡಗದ ಬಂಡಿಯಲ್ಲಿ ಹುಲ್ಲು ಹಾಸಿ ಸೈಕಲ್ಲನ್ನೂ ಮಲಗಿಸಿ ಕಳಿಸಿದ.

ಗಂಡನ ಮನೆಯವರು ಕಂದಲಗಾಂವದಲ್ಲಿ ಹೊಲ-ಮನೆ ಇದ್ದ ಜನ. ಮಾವನವರು ಮೂವತ್ತು ವರ್ಷ ಸೊಲ್ಲಾಪುರದ ಗಿರಣಿಯ ಮಗ್ಗದ ಖಾತೆಯಲ್ಲಿ ದುಡಿದು ಕೆಲಸ ಬಿಟ್ಟಿದ್ದರು. ಅದಕ್ಕೂ ಹತ್ತು ವರ್ಷ ಮೊದಲಿನಿಂದಲೇ ಅತ್ತೆ ಹಳ್ಳಿಯಲ್ಲೇ ಇದ್ದು ಒಕ್ಕಲುತನ ನೋಡಿಕೊಂಡವರು. ಮಾವನ ಮೊಣಕಾಲು ಕೆಟ್ಟು, ದವಾಖಾನೆ ಹತ್ತಿರವಿರಲಿ ಎಂದು ಪೇಟೆಯಲ್ಲೇ ಉಳಿಯಬೇಕಾದಾಗ, ಅತ್ತೆ ಹೊಲವನ್ನು ಹಿರಿಮಗನಿಗೆ ಒಪ್ಪಿಸಿ ಬಂದಿದ್ದರು. ನಾನು ಆ ಮನೆಗೆ ಹೋಗುವ ಒಂದು ವರ್ಷ ಮೊದಲು. ಆ ಮನೆಯ ಹಿತ್ತಲಲ್ಲಿ ಹಿಂದೆ ಊರಿನಿಂದ ಬಂದ ಬಂಡಿಯ ಎತ್ತುಗಳನ್ನು ಕಟ್ಟಿ ಮೇವು ಹಾಕುತ್ತಿದ್ದ ಒಂದು ಗ್ವಾದಲಿ ಇತ್ತು. ಕಲ್ಲಿನ ಅಂಚು ಎತ್ತುಗಳ ಕುತ್ತಿಗೆ ತಿಕ್ಕಿ ತಿಕ್ಕಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನನ್ನ ಸೈಕಲ್ಲು ನಿಲ್ಲುತ್ತಿದ್ದದ್ದು ಅದಕ್ಕೆ ಒರಗಿ.

ಸೈಕಲ್ಲು ನನಗೆ ವಾರಕ್ಕೆ ಒಂದೇ ದಿನ ಬೇಕಾಗುತ್ತಿತ್ತು, ಗುರುವಾರ. ಕಾನ್ವೆಂಟಿನಲ್ಲಿ ನನಗೆ ಕಸೂತಿ ಕಲಿಸಿದ ಮುದುಕಿ ಸಿಸ್ಟರಿಗೆ ಕಣ್ಣು ಮಂಜಾಗಿತ್ತು. ಬೆರಳಿಗೆ ಮಾತ್ರ ಮಂಜು ಇಳಿದಿರಲಿಲ್ಲ. ಪ್ರಾರ್ಥನಾ ಮಂದಿರದ ಬಿಳಿ ವಸ್ತ್ರದ ಮೇಲೆ ಅವರು ಮುಟ್ಟಿ ಮುಟ್ಟಿಯೇ ಗೋದಿಯ ತೆನೆಗಳನ್ನು, ದ್ರಾಕ್ಷಿಯ ಬಳ್ಳಿಯನ್ನು ಎತ್ತುತ್ತಿದ್ದರು. ಆದರೆ ಸೂಜಿಯ ಕಣ್ಣಿಗೆ ದಾರ ಹಾಕುವುದು ಮುಟ್ಟಿ ಆಗುವ ಕೆಲಸವಲ್ಲ. ಮದುವೆಯ ನಂತರ ನೋಡಲು ಹೋದಾಗ ಅವರು ಒಂದೇ ಸೂಜಿಯ ಜೊತೆ ಅರ್ಧ ಗಂಟೆ ಹೆಣಗಿದ್ದನ್ನು ಕಂಡೆ. ಬೇರೆ ಸಿಸ್ಟರುಗಳಿಗೆ ತರಗತಿ, ದವಾಖಾನೆ, ಅಡಿಗೆ. ಅಂದಿನಿಂದ ಗುರುವಾರಕ್ಕೊಮ್ಮೆ ಹೋಗಿ ವಾರಕ್ಕೆ ಸಾಕಾಗುವಷ್ಟು ಸೂಜಿಗಳಿಗೆ ದಾರ ಪೋಣಿಸಿ, ಮರಳು ತುಂಬಿದ ಒಂದು ದಿಂಬಿಗೆ ಚುಚ್ಚಿಟ್ಟು ಬರುತ್ತಿದ್ದೆ. ಮೊದಲ ಸಾಲು ಬಿಳಿ, ಎರಡನೆಯದು ಹಸಿರು, ಮೂರನೆಯದು ಹಳದಿ, ಕೊನೆಯದು ನೇರಳೆ. ಅವರು ಸಾಲು ಎಣಿಸಿ ಬಣ್ಣ ತಿಳಿಯುತ್ತಿದ್ದರು. ಮುಂದಿನ ಗುರುವಾರ ಹೋದರೆ ದಿಂಬಿನಲ್ಲಿ ಸೂಜಿಗಳೆಲ್ಲ ಬೋಳಾಗಿ ನಿಂತಿರುತ್ತಿದ್ದವು, ಸುಗ್ಗಿ ಮುಗಿದ ಹೊಲದ ಕೂಳೆಯ ಹಾಗೆ.

ಮಧ್ಯಾಹ್ನದ ಪಾತ್ರೆ ತೊಳೆಯುವುದಕ್ಕೂ ಸಂಜೆ ದೀಪ ಹಚ್ಚುವುದಕ್ಕೂ ನಡುವೆ ಹೋಗಿ ಬರಬೇಕು. ನಡೆದರೆ ಹೊತ್ತು ಸಾಲದು. ಸೊಸೆಯೊಬ್ಬಳೇ ಟಾಂಗಾದಲ್ಲಿ ಕೂತು ಹೋಗುವುದು ಮಾವನಿಗೆ ಸರಿಬರಲಿಲ್ಲ. ಸೈಕಲ್ಲು ಅಂದಾಗ ಮಾತ್ರ ಅವರು ಮೀಸೆಯ ತುದಿ ಹಿಡಿದು ಯೋಚಿಸಿದರು. ಮೂವತ್ತು ವರ್ಷ ಯಂತ್ರದ ಸದ್ದಿನಲ್ಲಿ ಬದುಕಿದ ಮನುಷ್ಯ. ತಿರುಗುವ ಗಾಲಿಯೆಂದರೆ ಅವರಿಗೊಂದು ಮರ್ಯಾದೆ.

“ಹೋಗು,” ಅಂದರು. “ಆದ್ರ ಒಂದ್ ಮಾತ್ ಲಕ್ಷ್ಯದಾಗ ಇಟ್ಕೊ. ಒಂದ್ ಸಲ ಬಿದ್ದಿ ಅಂದ್ರ ಸೈಕಲ್ ಪರತ್ ವಾಗದರಿಗೆ.”

ಅತ್ತೆ ಜೋಳ ಹಸನು ಮಾಡುತ್ತ ಕೂತಿದ್ದರು. ತಲೆ ಎತ್ತಲಿಲ್ಲ. ಅಂದಿನಿಂದ ಎಷ್ಟೋ ಗುರುವಾರ ಕಳೆದವು; ಅವರು ಸೈಕಲ್ಲಿನ ಬಗ್ಗೆ ಒಳ್ಳೆಯದೂ ಅನ್ನಲಿಲ್ಲ, ಕೆಟ್ಟದ್ದೂ ಅನ್ನಲಿಲ್ಲ. ನಾನು ಹೊರಡುವಾಗ, ಹೊತ್ತು ಮುಳುಗುವುದರೊಳಗೆ ಬಾ, ಎಂದಷ್ಟೇ ಹೇಳಿ ಮೊರದ ಕಡೆ ತಿರುಗುತ್ತಿದ್ದರು. ಹೊಸ ಸೊಸೆಗೆ ಅತ್ತೆಯ ಮೌನವನ್ನು ಓದುವುದು ಬಹಳ ಕಷ್ಟದ ಪಾಠ. ಕಾನ್ವೆಂಟಿನಲ್ಲಿ ಅದನ್ನು ಕಲಿಸಿರಲಿಲ್ಲ.

ಸೀಟು ಮೊದಲ ಸಲ ಕುಸಿದದ್ದು ದೀಪಾವಳಿ ಕಳೆದ ಮೇಲಿನ ಗುರುವಾರ. ನನ್ನ ಗಂಡ ಪಾನಾ ತಂದು ಸೀಟಿನ ಕೆಳಗಿನ ಬೋಲ್ಟನ್ನು ಬಿಗಿದು, ಮೇಲೆ ಕೈಯಿಟ್ಟು ಒತ್ತಿ, ಇನ್ನು ಜಗ್ಗುವುದಿಲ್ಲ ಎಂದರು. ಅವರು ಗಿರಣಿಯ ಆಫೀಸಿನಲ್ಲಿ ಬರೆಯುವ ಕೆಲಸದವರು. ಬೋಲ್ಟಿಗಿಂತ ಅವರ ಮಾತೇ ಹೆಚ್ಚು ಬಿಗಿಯಾಗಿತ್ತು. ಮುಂದಿನ ಗುರುವಾರ ಮತ್ತೆ ಊರು ಮೇಲೆದ್ದಿತು. ಈ ಸಲ ಸೀಟು ಇಳಿದದ್ದಷ್ಟೇ ಅಲ್ಲ, ಮೂತಿಯನ್ನೂ ಒಂದು ಪಕ್ಕಕ್ಕೆ ತಿರುಗಿಸಿತು, ಮುನಿಸಿಕೊಂಡ ಕೋಳಿಯ ಹಾಗೆ. ಕಾನ್ವೆಂಟಿನ ಗೇಟು ಮುಟ್ಟಿದ ಮೇಲೆ ಆ ಮೂತಿಯನ್ನು ಕೈಯಿಂದ ನೆಟ್ಟಗೆ ಮಾಡಿ ಒಳಗೆ ಹೋದೆ.

ಸಿಸ್ಟರು ಕಿಟಕಿಯ ಹತ್ತಿರ ಕೂತಿದ್ದರು. ಚಳಿಗಾಲದ ಮಧ್ಯಾಹ್ನಗಳಲ್ಲಿ ಗಿರಣಿಯ ಕಡೆಯಿಂದ ಹತ್ತಿಯ ಎಳೆಗಳು ತೇಲಿ ಬಂದು ಬಿಸಿಲಿನಲ್ಲಿ ನಿಂತುಬಿಡುತ್ತಿದ್ದವು. ಕೆಳಗೂ ಬೀಳದೆ, ಮೇಲೂ ಹೋಗದೆ. ಕಣ್ಣು ಚೆನ್ನಾಗಿದ್ದಾಗ ಅವರು ಅದನ್ನು ನೋಡಿ, ನಮ್ಮೂರಿನಲ್ಲಿ ಈಗ ಹಿಮ ಬೀಳುತ್ತಿರುತ್ತದೆ ಎನ್ನುತ್ತಿದ್ದರು. ಈಗ ಕಾಣದಿದ್ದರೂ ಮುಖ ಅತ್ತಲೇ ಇರುತ್ತಿತ್ತು. ನಾನು ಹತ್ತಿರ ಕೂತು ಮೊದಲ ಸೂಜಿ ಎತ್ತಿಕೊಂಡಾಗ ಅವರು ಮೂಗು ಅರಳಿಸಿ, ಮನೆಯಲ್ಲಿ ಮದುವೆಯೇ, ಎಂದು ಕೇಳಿದರು. ಇಲ್ಲವೆಂದೆ. ಅರಿಶಿನ ಎಣ್ಣೆಯ ವಾಸನೆ ಬರುತ್ತಿದೆ, ಮದುಮಗಳ ಮೈಯಿಂದ ಬಂದ ಹಾಗೆ, ಎಂದರು. ನಾನು ಸೆರಗು ಮೂಸಿ ನೋಡಿಕೊಂಡೆ. ಅಡಿಗೆಯ ಒಗ್ಗರಣೆ ಇರಬೇಕು ಎಂದುಕೊಂಡು ಸುಮ್ಮನಾದೆ.

ನಮ್ಮ ಓಣಿಯ ತುದಿಗೆ ಒಂದು ಸೈಕಲ್ ಅಂಗಡಿ. ಅದನ್ನು ನಡೆಸುತ್ತಿದ್ದ ಚಾಚಾ ಬಿಳಿ ಗಡ್ಡದ, ನಿಧಾನದ ಮನುಷ್ಯ. ಯಾವ ಸೈಕಲ್ಲು ಬಂದರೂ ಮೊದಲು ಅದರ ಗಂಟೆ ಬಾರಿಸಿ ನೋಡಿಯೇ ಉಳಿದ ವಿಚಾರ. ಸೀಟಿನ ಕಂಬ ಸವೆದಿದೆ ಎಂದು ಹೇಳಿ ಡಬ್ಬಿಯ ತಗಡಿನ ಒಂದು ಪಟ್ಟಿ ಕತ್ತರಿಸಿ, ಕಂಬಕ್ಕೆ ಸುತ್ತಿ, ಕೊಳವೆಯೊಳಗೆ ಇಳಿಸಿ ಬಿಗಿದುಕೊಟ್ಟರು. ಹದಿನೈದು ದಿನದಲ್ಲಿ ತಗಡೂ ಸೋತಿತು. ಮತ್ತೆ ತೆಗೆದುಕೊಂಡು ಹೋದಾಗ ಚಾಚಾ ಕಂಬವನ್ನು ಪೂರ್ತಿ ಹೊರಗೆಳೆದರು. ಬೆರಳಿನಿಂದ ಸವರಿ, ಬೆಳಕಿಗೆ ಹಿಡಿದು, ಮೂಸಿದರು. ಬೆರಳು ಹಳದಿಯಾಗಿತ್ತು.

“ಬೇಟಿ, ಇದಕ್ಕ ಯಾರೋ ಎಣ್ಣಿ ಕುಡಸಾಕತ್ತಾರ,” ಅಂದರು. “ಕುಸುಬಿ ಎಣ್ಣಿ, ಅದರಾಗ ಅರಿಷಿಣ. ಚೈನಿಗೆ ಎಣ್ಣಿ ಬೇಕು, ಕುತಗಿಗೆ ಬ್ಯಾಡ. ಮನ್ಯಾಗ ಕೇಳು.”

ಒರೆಸಿ, ಬಿಗಿದು, ಕೊಟ್ಟರು. ನಾನು ಸೈಕಲ್ಲನ್ನು ಹತ್ತದೆ ತಳ್ಳಿಕೊಂಡು ಮನೆಗೆ ಬಂದೆ.

ಕೇಳುವುದು ಯಾರನ್ನು? ಗಂಡ ಎಣ್ಣೆ ಬಾಟಲಿ ಎಲ್ಲಿದೆಯೆಂದೇ ಅರಿಯದವರು. ಮಾವ ಹಿತ್ತಲಿನ ಮೂರು ಮೆಟ್ಟಿಲು ಇಳಿಯುತ್ತಿರಲಿಲ್ಲ. ಉಳಿದವರು ಒಬ್ಬರೇ. ಆ ವಾರವೆಲ್ಲ ನಾನು ಅತ್ತೆಯ ಬೆರಳುಗಳನ್ನು ನೋಡುತ್ತ ಕಳೆದೆ. ಉಗುರಿನ ಸುತ್ತ ಹಳದಿ; ಆದರೆ ಯಾವ ಅಡಿಗೆಯವಳ ಉಗುರು ಹಳದಿಯಿಲ್ಲ? ಗೂಡಿನಲ್ಲಿದ್ದ ಎಣ್ಣೆಯ ಶೀಶೆಯನ್ನು ನೋಡಿದೆ. ಅದರ ಮಟ್ಟ ಇಳಿದಿತ್ತು. ಎಣ್ಣೆಯ ಮಟ್ಟ ಇಳಿಯದೆ ಏರುತ್ತದೆಯೇ? ಅತ್ತೆ ರೊಟ್ಟಿ ಬಡಿಯುವಾಗ ಹಿಟ್ಟು ಅವರ ಅಂಗೈಯ ಕೆಳಗೆ ಚಂದ್ರನ ಹಾಗೆ ಅಗಲವಾಗುತ್ತ ಹೋಗುತ್ತಿತ್ತು. ಅಷ್ಟು ಚೆಂದ ದುಂಡಗೆ ರೊಟ್ಟಿ ಮಾಡುವ ಕೈ, ಸೊಸೆ ಒಂದು ಸಲ ಬೀಳಲಿ, ಸೈಕಲ್ಲು ಹೋಗಲಿ, ಎಂದು ಎಣ್ಣೆ ಹೊಯ್ಯುತ್ತಿದೆಯೇ? ಯೋಚನೆ ಬಂದದ್ದಕ್ಕೆ ನಾಚಿಕೆ. ಹೋಗಲಾಡಿಸಲು ಆಗದಿದ್ದದ್ದಕ್ಕೆ ಇನ್ನೂ ನಾಚಿಕೆ. ಊಟಕ್ಕೆ ಕೂತಾಗ ಅವರು ನನ್ನ ರೊಟ್ಟಿಗೆ ಬೆಣ್ಣೆ ಇಡುತ್ತಿದ್ದರು. ನಾನು ತಲೆ ತಗ್ಗಿಸಿ ತಿನ್ನುತ್ತಿದ್ದೆ. ಸೀಟು ಇಳಿದ ಹಾಗೆ, ಗದ್ದಲವಿಲ್ಲದೆ, ನನ್ನ ಮನಸ್ಸು ಅವರಿಂದ ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತಿತ್ತು.

ಗುರುವಾರ ಬಂತು. ಪಾತ್ರೆ ತೊಳೆದಾಯಿತು. ಮಾವ ಪಡಸಾಲೆಯಲ್ಲಿ ಪೇಪರು ಮುಖದ ಮೇಲೆ ಹಾಕಿಕೊಂಡು ಮಲಗಿದ್ದರು. ಉಸಿರಿಗೆ ಪೇಪರು ಏರಿ ಇಳಿಯುತ್ತಿತ್ತು. ನಾನು ಒಳಗೆ ಸೀರೆ ಬದಲಿಸಿ, ಸೆರಗಿಗೆ ಪಿನ್ನು ಚುಚ್ಚಿದ ಮೇಲೆ ಕರವಸ್ತ್ರ ಹಿತ್ತಲ ಹಗ್ಗದ ಮೇಲಿರುವುದು ನೆನಪಾಯಿತು. ಬರಿಗಾಲಲ್ಲಿ ಹೋದೆ.

ಅತ್ತೆ ಗ್ವಾದಲಿಯ ಹತ್ತಿರ, ನನಗೆ ಬೆನ್ನು ಮಾಡಿ ಕೂತಿದ್ದರು. ಕಚ್ಚೆ ಹಾಕಿದ ಇಳಕಲ್ ಸೀರೆಯ ಅಂಚು ಮಣ್ಣಿಗೆ ತಾಗಿತ್ತು. ಪಕ್ಕದಲ್ಲಿ ಹಿತ್ತಾಳೆಯ ಬಟ್ಟಲು. ಅದರಿಂದ ಸಣ್ಣಗೆ ಆವಿ ಏಳುತ್ತಿತ್ತು. ಬಟ್ಟಲಲ್ಲಿ ಅಂಗೈ ಅದ್ದಿ, ಸೀಟಿನ ಕೆಳಗೆ ಕಂಬ ಕೊಳವೆಯೊಳಗೆ ಹೋಗುವ ಆ ಸಂದಿಯ ಸುತ್ತ, ಹೆಬ್ಬೆರಳಿನಿಂದ ಒತ್ತಿ ಒತ್ತಿ ತಿಕ್ಕುತ್ತಿದ್ದರು. ತಿಕ್ಕಿದ ಮೇಲೆ ಒಂದಿಷ್ಟು ಹನಿ ಬಿಟ್ಟು, ಒಳಗೆ ಇಳಿಯಲಿ ಎಂದು ಬಗ್ಗಿ ಊದಿದರು. ಮಾತೂ ಆಡುತ್ತಿದ್ದರು.

“ಹೆಗಲ ನೋವತೈತೇನಪಾ? ಅಲ್ಲೀತನಾ ಹೊತಗೊಂಡ ಹೋಗತಿ, ಮತ್ತ ಹೊತಗೊಂಡ ಬರತಿ. ಜ್ವಾಕಿ. ಮಂದಿ ಮಗಳದಾಳ. ಹ್ವಾದಾಂಗ ತಿರಗಿ ಕರಕೊಂಡ ಬಾ.”

ಕಾರಹುಣ್ಣಿಮೆಯ ಹಿಂದಿನ ಸಂಜೆ ವಾಗದರಿಯಲ್ಲಿ ನನ್ನ ಅಪ್ಪನೂ ಹೀಗೇ ಮಾಡುತ್ತಿದ್ದ. ವರ್ಷವೆಲ್ಲ ನೊಗ ಹೊತ್ತ ಎತ್ತುಗಳ ಹೆಗಲಿಗೆ ಬೆಚ್ಚಗಿನ ಎಣ್ಣೆ, ಅರಿಶಿನ ಹಚ್ಚಿ ತಿಕ್ಕುವುದು. ಬಿತ್ತಿಗೆಯ ದಿನಗಳಲ್ಲಿ ಹೊಲದಿಂದ ಬಂದ ಕೂಡಲೇ ತಿಕ್ಕುವುದು. ಭಾರ ಎಲ್ಲಿ ಕೂರುತ್ತದೋ ಅಲ್ಲಿಗೆ ಎಣ್ಣೆ. ಅತ್ತೆ ನಲವತ್ತು ವರ್ಷ ಕಂದಲಗಾಂವದ ಗ್ವಾದಲಿಯಲ್ಲಿ ಮಾಡಿದ ಕೆಲಸ ಅದು. ಈ ಊರಿನಲ್ಲಿ ಅವರಿಗೆ ಎತ್ತಿರಲಿಲ್ಲ. ಗ್ವಾದಲಿಗೆ ಒರಗಿ ನಿಂತದ್ದು, ಭಾರ ಹೊರುವುದು ಎಂದರೆ ನನ್ನ ಸೈಕಲ್ಲೊಂದೇ.

ಕರವಸ್ತ್ರ ಹಗ್ಗದ ಮೇಲೇ ಉಳಿಯಿತು. ಹೆಜ್ಜೆ ಸದ್ದಾಗದ ಹಾಗೆ ಹಿಂದಕ್ಕೆ ಬಂದೆ.

ಹೇಳಬೇಕಿತ್ತು. ಅಂದೇ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ, ಅತ್ತಿ, ನಿಮ್ಮ ಎಣ್ಣೆಯೇ ನನ್ನ ಸೀಟನ್ನು ಜಾರಿಸುತ್ತಿದೆ, ಎಂದು ಆ ಬೆನ್ನಿಗೆ ಹೇಗೆ ಹೇಳಲಿ? ಬೇರೆ ದಾರಿ ಮಾಡಿಕೊಂಡೆ. ಓಣಿ ತಿರುಗಿದ ಮೇಲೆ ಬೇವಿನ ಗಿಡದ ಕೆಳಗೆ ಇಳಿದು, ಸೆರಗಿನಲ್ಲಿ ಕಟ್ಟಿಕೊಂಡ ಒಲೆಯ ಬೂದಿಯಿಂದ ಆ ಸಂದಿಯನ್ನು ಚೆನ್ನಾಗಿ ತಿಕ್ಕಿ, ಚಿಂದಿಯಿಂದ ಒರೆಸಿ, ಮತ್ತೆ ಹತ್ತುತ್ತಿದ್ದೆ. ಎಣ್ಣೆ ಪೂರ್ತಿ ಹೋಗುತ್ತಿರಲಿಲ್ಲ, ನಾಲ್ಕು ಬೆರಳು ಕುಸಿಯುವ ಜಾಗದಲ್ಲಿ ಉಗುರಿನಷ್ಟು ಕುಸಿಯುತ್ತಿತ್ತು. ಅತ್ತೆ ಹಚ್ಚುವುದು, ನಾನು ಒರೆಸುವುದು. ಹಾಗೆ ಮೂರು ಗುರುವಾರ ಸಾಗಿತು. ಸಿಸ್ಟರ ದಿಂಬು ತುಂಬುತ್ತಿತ್ತು, ದ್ರಾಕ್ಷಿಯ ಬಳ್ಳಿ ಬಿಳಿ ಬಟ್ಟೆಯ ಒಂದು ಅಂಚು ದಾಟಿ ಎರಡನೆಯ ಅಂಚಿಗೆ ತಿರುಗಿತ್ತು. ಇದು ಹೀಗೇ ನಡೆದೀತು ಎಂದು ನಾನು ನಂಬಿಬಿಟ್ಟಿದ್ದೆ.

ನಾಲ್ಕನೆಯ ಗುರುವಾರ ಮಾವನ ಮೊಣಕಾಲು ಸ್ವಲ್ಪ ಹಗುರಾಗಿತ್ತು. ಕೋಲು ಹಿಡಿದು, ನಾನೂ ಒಂದಿಷ್ಟು ಅಡ್ಡಾಡಿ ಬರತೀನಿ, ಎಂದು ನನ್ನ ಜೊತೆ ಬೇವಿನ ಗಿಡದವರೆಗೂ ಬಂದು ನಿಂತರು. ನಾನು ಹತ್ತುವುದನ್ನು ನೋಡಬೇಕೆಂಬ ಆಸೆ ಅವರಿಗೆ. ಅವರ ಎದುರಿಗೆ ಬೂದಿಯ ಗಂಟು ಬಿಚ್ಚಲಾಗಲಿಲ್ಲ. ಹತ್ತಿ ಹೊರಟೆ.

ಹೋಗುವಾಗ ಹೇಗೋ ಹೋದೆ. ಬರುವಾಗ ಗಿರಣಿಯ ಭೋಂಗಾ ಕೂಗಿ, ಪಾಳಿ ಬಿಟ್ಟ ಜನರ ನಡುವೆ ನಿಧಾನವಾಗಿ ತುಳಿಯುತ್ತ, ನಮ್ಮ ಓಣಿಯ ಬಾಯಿಗೆ ಬಂದೆ. ಅಲ್ಲಿ ಸಾರ್ವಜನಿಕ ನಳ. ನೆಲ ಯಾವಾಗಲೂ ಹಸಿ. ತಿರುವಿನಲ್ಲಿ ಸೀಟು ತನ್ನ ಹಳೇ ನಿಧಾನವನ್ನು ಮರೆತು ಒಮ್ಮೆಲೇ ಕೆಳಗೆ ಕೂತು ಪಕ್ಕಕ್ಕೆ ತಿರುಗಿತು. ಮುಂದಿನದು ನಿದ್ದೆಯಲ್ಲಿ ನಡೆದ ಹಾಗೆ ನೆನಪಿದೆ: ಆಕಾಶದಲ್ಲಿ ಒಂದು ಹತ್ತಿಯ ಎಳೆ, ಯಾರದೋ ಕೊಡದ ತಾಮ್ರದ ಹೊಟ್ಟೆ, ಆಮೇಲೆ ಗಲ್ಲಕ್ಕೆ ತಣ್ಣಗಿನ ಕೆಸರು. ಮಗುಚಿದ ಸೈಕಲ್ಲಿನ ಒಂದು ಗಾಲಿ ಟಿಕ್ ಟಿಕ್ ಎಂದು ತಾನೇ ತಿರುಗುತ್ತಿತ್ತು.

ಎದ್ದು ನೋಡಿದರೆ ಮನೆಯ ಕಟ್ಟೆಯ ಮೇಲೆ ಮಾವ, ಬಾಗಿಲಲ್ಲಿ ಅತ್ತೆ. ನಾನು ಸೈಕಲ್ಲು ತಳ್ಳಿಕೊಂಡು ಹತ್ತಿರ ಬಂದೆ. ಮೊಳಕೈಯಿಂದ ರಕ್ತ ಇಳಿದು ಬಳೆಗೆ ಅಂಟಿತ್ತು.

“ಬಿದ್ದಳಲ್ಲ,” ಅಂದರು ಮಾವ.

“ಬಿದ್ದಿಲ್ಲ. ಇಳದಾಳ,” ಅಂದರು ಅತ್ತೆ.

“ಹಿಂಗ ಇಳೀತಾರೇನು?”

“ಕಾನ್ವೆಂಟಿನ್ಯಾಗ ಹಿಂಗ ಕಲಸತಾರ. ನಿಮಗೇನ ಗೊತ್ತು.”

ನಳದ ಹತ್ತಿರದ ಹೆಂಗಸರು ನಕ್ಕರು. ಮಾವ ನಗಲಿಲ್ಲ, ಆದರೆ ಮೀಸೆಯ ಕೆಳಗೆ ಏನೋ ಅಲುಗಿತು. ಸೈಕಲ್ಲನ್ನು ತಮ್ಮ ಹತ್ತಿರ ಎಳೆದುಕೊಂಡು ಸೀಟನ್ನು ಹಿಡಿದು ಅಲ್ಲಾಡಿಸಿದರು. ಅದು ಹಾಲುಹಲ್ಲಿನ ಹಾಗೆ ಅಲುಗಿತು. ಸರಿಯಾದ ಎತ್ತರಕ್ಕೆ ಎಳೆದು, ಒಂದು ಮೊಳೆ ತರಿಸಿ, ಕಂಬ ಕೊಳವೆಯೊಳಗೆ ಹೋಗುವ ಜಾಗದ ಮೇಲೆ, ಕೂದಲೆಳೆಯಷ್ಟು ಬಿಟ್ಟು, ಒಂದು ಗೆರೆ ಕೊರೆದರು.

“ಬರೂ ಗುರುವಾರ ಹೋಗಿ ಬಂದ ಮ್ಯಾಲೂ ಈ ಗೆರಿ ನನಗ ಕಾಣಬೇಕು,” ಅಂದರು. “ಒಳಗ ಮುಳಗಿತ್ತಂದ್ರ, ಐತವಾರ ಊರಾಗಿಂದ ಬಂಡಿ ಬರತೈತಿ, ಅದರಾಗ ಹಾಕಿ ಕಳಸತೀನಿ. ಹುಡುಗಿ ಹಲ್ಲ ಮುರದ ಮ್ಯಾಲ ಅವರಪ್ಪಗ ನಾ ಏನಂತ ಹೇಳಲಿ?”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾದದ್ದು. ಬೋಳು ಸೂಜಿಗಳ ಸಾಲುಗಳು ಕಣ್ಣ ಮುಂದೆ ಬಂದವು.

ಹಿತ್ತಲಲ್ಲಿ ಅತ್ತೆ ನನ್ನ ಮೊಳಕೈ ತೊಳೆದು ಅರಿಶಿನ ಒತ್ತುತ್ತಿದ್ದರು. ಸೈಕಲ್ಲು ತನ್ನ ಜಾಗಕ್ಕೆ ಹೋಗಿ ಒರಗಿತ್ತು. ಅವರು ಅದರ ಕಡೆ ಒಂದು ಸಲ ನೋಡಿ, ನನಗಲ್ಲ, ಅದಕ್ಕೇ ಎನ್ನುವ ಹಾಗೆ ಬೈದರು.

“ವಾರಾವಾರ ಹೆಗಲಿಗೆ ಎಣ್ಣಿ ತಿಕ್ಕೀನಿ, ಕಡೀಕ ಕೆಡವಿತಲ್ಲ ಖೋಡಿ. ಎತ್ತಾಗಿದ್ರ ಕೆಡವತಿದ್ದಿಲ್ಲ.”

ಇನ್ನು ಸುಮ್ಮನಿರುವುದು ಸುಳ್ಳಾಗುತ್ತಿತ್ತು.

“ಅತ್ತಿ,” ಅಂದೆ, “ಎಣ್ಣಿಗೇ ಜಾರತೈತ್ರಿ ಅದು.”

ಅವರ ಕೈ ನಿಂತಿತು. ಅಂಗೈ ತಿರುಗಿಸಿ ನೋಡಿಕೊಂಡರು. ಗೋಡೆಯ ಮೇಲಿನ ಬಿಸಿಲು ಗ್ವಾದಲಿಯ ಅಂಚಿಗೆ ಬಂದು, ಆ ಹೊಳಪಿನಲ್ಲಿ ಸ್ವಲ್ಪ ತಡೆದು, ಕೆಳಗಿಳಿಯಿತು.

“ಗಾಲಿ ಅಚ್ಚಿಗೆ ಎಣ್ಣಿ ಬಿಡತೀವಿ, ಬೆಣೀಗೆ ಬಿಡತೀವೇನು?” ಎಂದರು ಕೊನೆಗೆ, ತಮಗೆ ತಾವೇ. “ಕೊಡ್ಲಿ ಕಾವಿಗೆ ಎಣ್ಣಿ ಹಚ್ಚಿದ್ರ ಕೊಡ್ಲಿ ಹಾರಿ ಹೋಗೂದ. ನಲವತ್ತ ವರ್ಷ ಒಕ್ಕಲತಾನ ಮಾಡಿ ನನಗ ಇಷ್ಟ ತಿಳೀಲಿಲ್ಲ ನೋಡು. ನೀ ಯಾಕ ಮದಲ ಹೇಳಲಿಲ್ಲ?”

ನಾನು ಎಲ್ಲ ಹೇಳಿಬಿಟ್ಟೆ. ಚಾಚಾ ಬೆರಳು ಮೂಸಿದ್ದು, ನಾನು ಹಿತ್ತಲ ಬಾಗಿಲಲ್ಲಿ ನಿಂತು ನೋಡಿದ್ದು, ಬೂದಿಯ ಗಂಟು. ಅದಕ್ಕೂ ಮೊದಲು ಒಂದು ವಾರ, ನಾನು ಬೀಳಲೆಂದೇ ಅವರು ಎಣ್ಣೆ ಹಾಕುತ್ತಾರೆಂದು ತಿಳಿದುಕೊಂಡಿದ್ದನ್ನೂ ಹೇಳಿದೆ. ಅದನ್ನು ಹೇಳುವಾಗ ಅವರ ಮುಖ ನೋಡಲಾಗದೆ ಸೀರೆಯ ಕೆಸರನ್ನು ಉಗುರಿನಿಂದ ಕೆರೆಯುತ್ತಿದ್ದೆ.

ಅತ್ತೆ ನನ್ನ ಗಲ್ಲದ ಕೆಸರನ್ನು ಹೆಬ್ಬೆರಳಿನಿಂದ ಒರೆಸಿ, ಸೊಸೆಯನ್ನು ಮರಾಠಿಯಲ್ಲಿ ಕರೆಯುವ ಹಾಗೆ ಕರೆದರು. “ನಿನ್ನ ಕೆಡವೂದಿದ್ರ ಸೈಕಲ್ ಯಾಕ ಬೇಕಿತ್ತ, ಸೂನಬಾಯಿ? ಹೊಸ್ತಲದಾಗ ಎಣ್ಣಿ ಚೆಲ್ಲತಿದ್ದೆ. ಹತ್ತರ ಆಗತಿತ್ತು.”

ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಅವರು ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿದರು. ಮುಂದಿನ ಗುರುವಾರಕ್ಕೆ ಇನ್ನೂ ವಾರ ಐತಿ, ಎಂದರು.

ಮರುದಿನ ಬೆಳಿಗ್ಗೆ ಅತ್ತೆ ನನ್ನ ಗಂಡನಿಂದ ಬೋಲ್ಟು ಸಡಿಲ ಮಾಡಿಸಿ ಸೀಟನ್ನು ಕಂಬದ ಸಮೇತ ಎತ್ತಿ ಹೊರಗಿಟ್ಟರು. ತಗಡಿನ ಪಟ್ಟಿಯನ್ನು ಒಲೆಯ ಬೂದಿಗೆ ಎಸೆದರು. ಎಣ್ಣೆ ಹಚ್ಚಿದ ಮೇಲೆ ಎರೆಯಬೇಕಲ್ಲ, ಎಂದು ಬಿಸಿನೀರು ಕಾಸಿ, ಸೀಗೆಕಾಯಿ ಕಲಸಿ, ಕಂಬಕ್ಕೂ ಕೊಳವೆಯ ಬಾಯಿಗೂ ಎರಡೆರಡು ಸಲ ತಿಕ್ಕಿ ತೊಳೆದರು. ಮಕ್ಕಳಿಗೆ ತಲೆ ಎರೆಯುವಾಗ ಕಣ್ಣಿಗೆ ಹೋಗದಂತೆ ಹಣೆಗೆ ಅಡ್ಡ ಕೈ ಹಿಡಿಯುತ್ತಾರಲ್ಲ, ಹಾಗೆ ಸೀಟಿನ ಚರ್ಮಕ್ಕೆ ನೀರು ತಾಗದಂತೆ ಕೈ ಅಡ್ಡ ಹಿಡಿದಿದ್ದರು.

ಅತ್ತೆಯ ತವರು ಸಲಗರ ಬುದ್ರುಕ. ಅಲ್ಲಿ ಅವರ ಮನೆಯ ಪಕ್ಕ ಕುರಿ ಸಾಕುವ ಮನೆಗಳಿದ್ದವಂತೆ. ತಮ್ಮ ದೇವರು ಬೀರೋಬಾನ ಹೆಸರು ಹೇಳದೆ ಕಂಬಳಿಯ ಮಗ್ಗಕ್ಕೆ ಕೂರದ ಜನ. ನೇಯ್ದ ಕಂಬಳಿ ಗಟ್ಟಿಯಾಗಲೆಂದು ಅವರು ಹುಣಸೆಬೀಜದ ಅಂಟಿನ ಸರಿ ಉಣಿಸುತ್ತಿದ್ದರು. ಒಣಗಿದರೆ ಕಂಬಳಿ ಹಲಗೆಯ ಹಾಗೆ ನಿಲ್ಲುತ್ತಿತ್ತು, ಮಳೆಯೂ ಒಳಗೆ ಬರುತ್ತಿರಲಿಲ್ಲ. ಅತ್ತೆ ಡಬ್ಬಿಯ ತಳದಿಂದ ಹುಣಸೆಬೀಜ ತೆಗೆದು ಹುರಿದು, ಸಿಪ್ಪೆ ಬಿಡಿಸಿ, ಕುಟ್ಟಿ, ಅಂಟು ಅಂಟಾಗುವವರೆಗೂ ಕುದಿಸಿದರು. ಮಾವನ ಹಳೇ ಧೋತರದಿಂದ ಬೆರಳಗಲದ ಒಂದು ಪಟ್ಟಿ ಹರಿದು ಆ ಸರಿಯಲ್ಲಿ ನೆನೆಸಿ ನನ್ನ ಕೈಗೆ ಕೊಟ್ಟರು. ಸುತ್ತುವುದು ನನ್ನ ಕೆಲಸವಾಯಿತು. ಕಸೂತಿ ಕಲಿತ ಕೈ ಅಲ್ಲಿ ಉಪಯೋಗಕ್ಕೆ ಬಂತು. ಒಂದು ಸುತ್ತು ಇನ್ನೊಂದರ ಮೇಲೆ ಏರದ ಹಾಗೆ, ನಡುವೆ ಗೆರೆಯಷ್ಟೂ ಸಂದಿಲ್ಲದ ಹಾಗೆ ಸುತ್ತಿದೆ. ಆಮೇಲೆ ಅತ್ತೆ ಸೀಟಿನ ಮೇಲೆ ಗೋಣಿ ಮಡಿಚಿಟ್ಟು ಒನಕೆಯಿಂದ ಹದವಾಗಿ ಏಟು ಕೊಟ್ಟು ಕಂಬವನ್ನು ಒಳಗೆ ಇಳಿಸಿದರು. ಮಾವನ ಗೆರೆ ಕೊಳವೆಯ ಬಾಯಿಯ ಹತ್ತಿರ ಬಂದಾಗ ನಾನು ಕೈ ಎತ್ತಿದೆ. ಅವರು ಒನಕೆ ಕೆಳಗಿಟ್ಟರು.

ಐದು ದಿನ ಸೈಕಲ್ಲು ಬಿಸಿಲಲ್ಲಿ ನಿಂತಿತು. ಅತ್ತೆ ಹಪ್ಪಳವನ್ನು ನೋಡುವ ಹಾಗೆ ದಿನಕ್ಕೆರಡು ಸಲ ಮುಟ್ಟಿ ನೋಡಿ, ಇನ್ನೂ ಹಸಿ, ಎನ್ನುತ್ತಿದ್ದರು. ಬುಧವಾರ ಬೋಲ್ಟು ಬಿಗಿಸಲು ಚಾಚಾನ ಅಂಗಡಿಗೆ ಒಯ್ದೆ. ಚಾಚಾ ಗಂಟೆ ಬಾರಿಸಿದರು, ಬೋಲ್ಟು ಬಿಗಿದರು, ಎರಡೂ ಕೈಯಿಂದ ಸೀಟು ಹಿಡಿದು ತಿರುವಿದರು. ಸೀಟಿನ ಬದಲು ಇಡೀ ಸೈಕಲ್ಲು ತಿರುಗಿತು.

“ಇದು ಯಾವ ಕಾರ್ಖಾನೆದಾಗ ಮಾಡಸಿದಿ, ಬೇಟಿ?” ಎಂದರು. “ಇನ್ನ ಇದನ್ನ ತೆಗೀಬೇಕಂದ್ರ ಸೈಕಲ್ಲ ಒಡೀಬೇಕು.”

ಗುರುವಾರ ಹೊರಡುವಾಗ ಮಾವ ಕಟ್ಟೆಯ ಮೇಲೆ ಕನ್ನಡಕ ಹಾಕಿಕೊಂಡು ಕೂತಿದ್ದರು. ಬಗ್ಗಿ ಗೆರೆ ನೋಡಿ ತಲೆ ಆಡಿಸಿದರು. ನಳದ ತಿರುವು, ಬೇವಿನ ಗಿಡ, ಗಿರಣಿಯ ಗೋಡೆ. ಪ್ರತಿ ತುಳಿತಕ್ಕೂ ನನ್ನ ಗಮನವೆಲ್ಲ ಮೊಣಕಾಲಿನಲ್ಲೇ: ಏರಿತೇ, ನೆರಿಗೆಗೆ ತಾಗಿತೇ? ಕಾನ್ವೆಂಟು ಬಂದದ್ದೇ ತಿಳಿಯಲಿಲ್ಲ.

ಸಿಸ್ಟರು ಕಿಟಕಿಯ ಹತ್ತಿರವೇ ಇದ್ದರು. ದಿಂಬಿನಲ್ಲಿ ಎಲ್ಲ ಸೂಜಿಗಳೂ ಬೋಳು. ನಾನು ಬಿಳಿ ಸಾಲು ತುಂಬಿದೆ, ಹಸಿರು ಸಾಲು ತುಂಬಿದೆ. ಈ ಸಲ ಅವರು ನನ್ನ ಕಡೆ ವಾಲಿ ಮೂಸಿ, ಮದುವೆ ಮುಗಿಯಿತೇ, ಎಂದು ಕೇಳಿದರು. ಮುಗಿಯಿತು ಸಿಸ್ಟರ್, ಮದುಮಗಳಿಗೆ ಸೀಗೆಕಾಯಿ ಹಾಕಿ ತಲೆ ಎರೆದೆವು, ಎಂದೆ. ಅವರಿಗೆ ಏನು ಅರ್ಥವಾಯಿತೋ, ಬಹಳ ಹೊತ್ತು ತಮ್ಮಷ್ಟಕ್ಕೆ ನಗುತ್ತ ಹಸಿರು ದಾರದ ಸೂಜಿಯೊಂದನ್ನು ದಿಂಬಿನಿಂದ ಎತ್ತಿಕೊಂಡರು. ಮುಂದಿನ ವಾರ ನಾನು ಬರುತ್ತೇನೋ ಇಲ್ಲವೋ ಎಂಬುದನ್ನು ಅವರಿಗೆ ಹೇಳಿರಲಿಲ್ಲ. ಸೂಜಿಗಳನ್ನು ಮಾತ್ರ ಎರಡು ವಾರಕ್ಕಾಗುವಷ್ಟು ತುಂಬಿಟ್ಟೆ.

ಮನೆಗೆ ಬಂದಾಗ ಮಾವ ಕಟ್ಟೆಯಿಂದ ಇಳಿದು ನಿಂತಿದ್ದರು. ಅತ್ತೆ ಬಾಗಿಲಲ್ಲಿ ಮೊರ ಹಿಡಿದುಕೊಂಡು, ಮೊರದಲ್ಲಿ ಜೋಳವಿಲ್ಲದೆ. ಮಾವ ಕನ್ನಡಕ ಒರೆಸಿ ಹಾಕಿಕೊಂಡು, ಕೋಲನ್ನು ನನ್ನ ಕೈಗೆ ಕೊಟ್ಟು, ಕೆಟ್ಟ ಮೊಣಕಾಲನ್ನೂ ಲೆಕ್ಕಿಸದೆ ಬಗ್ಗಿದರು. ಬೆರಳಿನಿಂದ ಮುಟ್ಟಿಯೂ ನೋಡಿದರು.

“ಐತಿ,” ಅಂದರು.

ಅತ್ತೆ ಒಳಗೆ ಹೋದರು. ಅಡಿಗೆಮನೆಯಲ್ಲಿ ಪಾತ್ರೆಗಳು ಸ್ವಲ್ಪ ಜೋರಾಗಿಯೇ ಸದ್ದು ಮಾಡಿದವು. ಆ ಸಂಜೆ ಬೆಲ್ಲದ ಸಜ್ಜಿಗೆ ಮಾಡಿದ್ದರು.

ಮುಂದಿನ ಗುರುವಾರ ಸೀರೆ ಬದಲಿಸಿ ಹಿತ್ತಲಿಗೆ ಬಂದೆ, ಈ ಸಲ ಹೆಜ್ಜೆ ಸದ್ದು ಮಾಡುತ್ತಲೇ. ಅತ್ತೆ ಹಿತ್ತಾಳೆಯ ಬಟ್ಟಲು ಹಿಡಿದುಕೊಂಡು ಸೈಕಲ್ಲಿನ ಸುತ್ತ ಒಂದು ಸುತ್ತು ಬಂದು, ಎಲ್ಲಿಯೂ ಮುಟ್ಟದೆ ನಿಂತಿದ್ದರು. ಸೀಟು ನೋಡಿದರು, ಬ್ರೇಕು ನೋಡಿದರು. ಕೊನೆಗೆ ಮುಂದೆ, ದೀಪ ಸಿಕ್ಕಿಸುವ ತಗಡಿನ ಕೊಂಡಿಯ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದರು.

“ಇಲ್ಲಿ ಹಚ್ಚಿದ್ರ ಏನೂ ಜಾರೂದಿಲ್ಲಲ್ಲ?”

“ಇಲ್ರಿ, ಅತ್ತಿ.”

“ಹಾಂಗಾರ ಇದು ಹಣಿ,” ಎಂದು ಅರಿಶಿನದ ಎಣ್ಣೆಯಿಂದ ಒಂದು ಬೊಟ್ಟಿಟ್ಟು, ಹೊತ್ತು ಮುಳುಗುವುದರೊಳಗೆ ಬಾ, ಎಂದರು.

ಓಣಿಯ ಗೋಡೆಗಳ ಆಚೆ ಚಾದರುಗಳು ಒಣಗುತ್ತಿದ್ದವು. ಪಪ್ಪಾಯಿ ಒಂದು ಕಡೆಯಿಂದ ಪೂರ್ತಿ ಹಳದಿಯಾಗಿತ್ತು. ಸಂಜೆ ಹಿಂದಿರುಗುವಾಗ, ಬಿಸಿಲು ಇಳಿಮುಖವಾಗಿ ಹತ್ತಿಯ ಎಳೆಗಳು ಕೆಂಪಾಗಿ ತೇಲುತ್ತಿದ್ದಾಗ, ಹೊರಟಾಗಿನ ಎತ್ತರದಿಂದಲೇ, ಅದೇ ಗೋಡೆಯ ಮೇಲಿನಿಂದ ಅದೇ ಪಪ್ಪಾಯಿ ಮತ್ತೊಮ್ಮೆ ಕಂಡಿತು.